ಹತ್ತಿ ಹೆಚ್ಚೋ, ರೇಯಾನ್ ಹೆಚ್ಚೋ

ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಿದೆ. ಅದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಪ್ರಯೋಗಾಲಯವೆಂದರೆ ದೊಡ್ಡದೇನಲ್ಲ. ಒಂದು ಕೋಣೆ, ಗಾಜಿನ ಪೆಟ್ಟಿಗೆಯೊಳಗೊಂದು ತಕ್ಕಡಿ, ಆಸಿಡ್ ಬಾಟಲಿಗಳ ಕಪಾಟು. ಹೊರದೇಶದಿಂದ ತರಿಸುವ ಬಟ್ಟೆಯಲ್ಲಿ ಯಾವ ನೂಲು ಎಷ್ಟಿದೆ ಎಂದು ನೋಡಿ, ಸುಂಕದ ಪಟ್ಟಿಯಲ್ಲಿ ಅದು ಯಾವ ಶೀರ್ಷಿಕೆಯ ಕೆಳಗೆ ಬರುತ್ತದೆಂದು ನಾನು ಹೇಳಬೇಕು. ನನ್ನ ಮನೆ ಯಾದಗಿರಿಯಲ್ಲಿ. ತವರು ಸುರಪುರ. ಅಲ್ಲಿ ಅಪ್ಪನದು ಬಟ್ಟೆ ಅಂಗಡಿ.

ಮಿಶ್ರ ಬಟ್ಟೆಯ ನಿಯಮ ಹೇಳಲು ಸುಲಭ. ತೂಕದಲ್ಲಿ ಯಾವ ನೂಲು ಹೆಚ್ಚೋ ಬಟ್ಟೆ ಅದರ ಲೆಕ್ಕಕ್ಕೆ. ನಮಗೆ ಬರುವ ಬಟ್ಟೆಯಲ್ಲಿ ಪಾಲಿಯೆಸ್ಟರೇ ಹೆಚ್ಚು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಬರುವುದು ಮಿಕ್ಕ ಪಾಲಿನಲ್ಲಿ. ಅದರಲ್ಲಿ ಹತ್ತಿ ಹೆಚ್ಚಿದ್ದರೆ ಒಂದು ಶೀರ್ಷಿಕೆ, ರೇಯಾನ್ ಹೆಚ್ಚಿದ್ದರೆ ಇನ್ನೊಂದು. ಎರಡಕ್ಕೂ ಸುಂಕ ಬೇರೆ, ರೇಯಾನಿನದು ಹೆಚ್ಚು. ರೇಯಾನ್ ಎಂದರೆ ಮರದ ತಿರುಳಿನಿಂದ ತೆಗೆದ ನೂಲು. ಮೈಗೆ ಹತ್ತಿಯ ಹಾಗೆಯೇ ತಂಪು, ಮುಟ್ಟಿದರೆ ಹತ್ತಿಯ ಹಾಗೆಯೇ ಮೆದು.

ಒಂದು ವರ್ಷ ನಮ್ಮ ಮಾಲೀಕರು ಬೂದು ಬಣ್ಣದ ಪ್ಯಾಂಟಿನ ಬಟ್ಟೆ ತರಿಸಿದರು. ತರಿಸುವ ಮೊದಲು ಮಾದರಿಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಸುರಪುರಕ್ಕೆ ಹೋಗಿ ಅಪ್ಪನಿಗೆ ತೋರಿಸಿದ್ದರು. ಅಪ್ಪನ ಕೈಯ ಮೇಲೆ ಆ ಭಾಗದ ವ್ಯಾಪಾರಿಗಳಿಗೆ ಅಷ್ಟು ನಂಬಿಕೆ. ಅಪ್ಪ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ, ಮುದ್ದೆ ಮಾಡಿ ಬಿಟ್ಟು, ಪಾಲಿಯೆಸ್ಟರಿನ ಜೊತೆ ಹತ್ತಿ ಚೆನ್ನಾಗಿ ಕೂಡಿದೆ ಎಂದು ಹೇಳಿದನಂತೆ. ಮಾರುವವರ ಬಿಲ್ಲಿನಲ್ಲೂ ಹಾಗೆಯೇ ಇತ್ತು. ನನ್ನ ಪರೀಕ್ಷೆಗೆ ಕಾಯದೆ ಅದರ ಪ್ರಕಾರವೇ ಸುಂಕದವರಿಗೆ ಕಾಗದ ಹೋಯಿತು.

ಹೊರದೇಶದ ಮಾಲು ಬಂದಿಳಿಯುವ ಹೈದರಾಬಾದಿನ ಕಂಟೇನರ್ ಡಿಪೋದಲ್ಲಿ ಸುಂಕದವರು ಬಟ್ಟೆಯ ತುಂಡು ಕತ್ತರಿಸಿ ತಮ್ಮ ಪ್ರಯೋಗಾಲಯಕ್ಕೆ ಕಳಿಸಿದರು. ಹತ್ತಿಗಿಂತ ರೇಯಾನ್ ಹೆಚ್ಚಿದೆ ಎಂದು ಉತ್ತರ ಬಂತು. ಮಾಲು ಅಲ್ಲೇ ನಿಂತಿತು. ಇಲ್ಲಿ ಸೈದಾಪುರದ ಕಡೆಯಿಂದ ಬರುವ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಬರಿಗೈಯಲ್ಲಿ ಕುಳಿತರು. ಶಾಲೆಗಳು ತೆರೆಯುವ ಕಾಲ ಹತ್ತಿರ ಬಂದಿತ್ತು.

ನಮ್ಮಲ್ಲಿ ಉಳಿದಿದ್ದ ಮಾದರಿಯನ್ನು ನಾನೂ ಪರೀಕ್ಷಿಸಿದೆ. ರೇಯಾನ್ ಕರಗಿ ಹತ್ತಿ ಉಳಿಯುವ ಹದದ ಆಸಿಡ್ ಒಂದು, ಹತ್ತಿಯೂ ಕರಗುವಷ್ಟು ಕಡಕ್ ಆಸಿಡ್ ಇನ್ನೊಂದು. ಪ್ರತಿ ಸಲ ಉಳಿದದ್ದನ್ನು ತೊಳೆದು, ಒಣಗಿಸಿ, ತೂಗಬೇಕು. ಮತ್ತೆ ಮಾಡಿದರೂ ಅದೇ ಬಂತು. ವ್ಯತ್ಯಾಸ ಸಣ್ಣದು, ಆದರೆ ರೇಯಾನಿನದೇ ಮೇಲುಗೈ. ಮಾಲೀಕರಿಗೆ ಹಾಗೆಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ವಿಚಾರಣೆಯಲ್ಲಿ ಸುಂಕದ ಅಧಿಕಾರಿ ಎರಡೂ ಕಡೆ ಕೇಳುತ್ತಾರೆ, ನಿಮ್ಮ ತಂದೆಯವರನ್ನು ಕರೆದುಕೊಂಡು ಹೋಗೋಣ, ಇಷ್ಟು ವರ್ಷ ಬಟ್ಟೆ ಮಾರಿದವರ ಮಾತಿಗೆ ತೂಕವಿರುತ್ತದೆ ಎಂದರು.

ಅಪ್ಪ ಖುಷಿಯಿಂದ ಒಪ್ಪಿದ. ಹೊಸ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು ಸುರಪುರದಿಂದ ಬಸ್ಸಿನಲ್ಲಿ ಯಾದಗಿರಿಗೆ ಬಂದ. ಮಾಲೀಕರು ಕಾರಿನಲ್ಲಿ ಮುಂದೆ ಹೋಗಿದ್ದರು. ನಾವಿಬ್ಬರು ಹೈದರಾಬಾದಿನ ರೈಲು ಹತ್ತಿದೆವು. ವಾಡಿ ದಾಟಿದ ಮೇಲೆ ನಾನು ಅಪ್ಪನಿಗೆ ಪರೀಕ್ಷೆಯ ವಿಷಯ ಹೇಳಿದೆ. ಅಧಿಕಾರಿ ಕೇಳಿದರೆ ನಾನು ರೇಯಾನ್ ಅಂತಲೇ ಹೇಳಬೇಕಾಗುತ್ತದೆ ಎಂದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

"ನೀ ಕಂಡಿದ್ದು ನೀ ಹೇಳು. ನನ್ನ ಕೈಗೆ ಬಂದಿದ್ದು ನಾ ಹೇಳ್ತೀನಿ," ಎಂದ. "ಅದರಾಗ ಜಗಳ ಏನದ?"

ವಿಚಾರಣೆ ಒಂದು ಸಾಧಾರಣ ಕಚೇರಿಯಲ್ಲಿ ನಡೆಯಿತು. ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಅಪ್ಪನಿಗೆ ಕುರ್ಚಿ ಹಾಕಿಸಿದರು. ಅಪ್ಪ ತನ್ನ ದಖ್ಖನಿ ಉರ್ದುವಿನಲ್ಲಿ ನಿಧಾನಕ್ಕೆ ಹೇಳಿದ: ಈ ಬಟ್ಟೆ ಬೆವರು ಹೀರುತ್ತದೆ, ಸುಕ್ಕು ಹೀಗೆ ಬೀಳುತ್ತದೆ, ಇದನ್ನು ಹತ್ತಿ ಕೂಡಿದ ಬಟ್ಟೆ ಎಂದೇ ಜನ ಕೊಳ್ಳುತ್ತಾರೆ. ಅವರು ನಡುವೆ ತಡೆಯದೆ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಕಂಪನಿಯ ಪರೀಕ್ಷಕಿ ನೀವೇ ಅಲ್ಲವೆ, ನಿಮಗೇನು ಬಂತು ಎಂದು ಕೇಳಿದರು. ಮಾಲೀಕರು ಮೇಜಿನ ಅಂಚನ್ನು ನೋಡುತ್ತಿದ್ದರು. ನಾನು ರೇಯಾನ್ ಹೆಚ್ಚಿದೆ ಎಂದೆ. ಅಪ್ಪನ ಕಡೆ ನೋಡಲಾಗಲಿಲ್ಲ.

ಅಪ್ಪನೇ ಅಧಿಕಾರಿಯನ್ನು ಒಂದು ಮಾತು ಕೇಳಿದ. ಹಾಕಿಕೊಳ್ಳುವವರಿಗೆ ಹತ್ತಿಯೆಂದು ಅನ್ನಿಸಿದರೆ ಅದು ಹತ್ತಿಯಲ್ಲವೇ ಎಂದು. ಕಾನೂನು ಹಾಕಿಕೊಳ್ಳುವವರನ್ನು ಕೇಳುವುದಿಲ್ಲ, ತಕ್ಕಡಿಯನ್ನು ಮಾತ್ರ ಕೇಳುತ್ತದೆ ಎಂದು ಅವರು ಹೇಳಿದರು. ಹೇಳಿದ್ದರಲ್ಲಿ ಕುಹಕವಿರಲಿಲ್ಲ. ಅಪ್ಪ ತಲೆಯಾಡಿಸಿದ.

ತೀರ್ಪು ನಮ್ಮ ವಿರುದ್ಧವೇ ಬಂತು. ತಪ್ಪು ಮಾರಿದವರ ಬಿಲ್ಲಿನದು, ನಮ್ಮವರು ಏನನ್ನೂ ಮುಚ್ಚಿಟ್ಟಿಲ್ಲ ಎಂದು ದಂಡ ಹಾಕಲಿಲ್ಲ. ಹೆಚ್ಚಿನ ಸುಂಕ ಕಟ್ಟಿ ಮಾಲೀಕರು ಬಟ್ಟೆ ಬಿಡಿಸಿಕೊಂಡರು. ಯಂತ್ರಗಳು ಮತ್ತೆ ಓಡಿದವು. ಆ ವರ್ಷ ಕೆಲವು ಶಾಲೆಗಳ ಮಕ್ಕಳು ಮೊದಲ ತಿಂಗಳು ಹಳೇ ಪ್ಯಾಂಟಿನಲ್ಲೇ ಹೋದರು.

ವಿಚಾರಣೆಯ ದಿನ ನಾವಿಬ್ಬರು ರೈಲಿನಲ್ಲೇ ಹಿಂದಿರುಗಿದ್ದೆವು. ತಾಂಡೂರಿನಲ್ಲಿ ಅಪ್ಪ ಇಬ್ಬರಿಗೂ ಚಹಾ ತಂದ. ಯಾದಗಿರಿಯಲ್ಲಿ ಇಳಿದಾಗ ಮನೆಗೆ ಬಾ ಎಂದೆ. ಅಂಗಡಿ ತೆರೆಯಬೇಕೆಂದು ಶಹಾಪುರದ ಬಸ್ಸು ಹಿಡಿದು ಹೊರಟೇಬಿಟ್ಟ. ನನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಫೋನಿನಲ್ಲಿ ಊಟ, ಬಿಸಿಲು, ಅಕ್ಕನ ಮನೆಯ ವಿಷಯ ಕೇಳುತ್ತಿದ್ದ. ಬಟ್ಟೆಯ ಸುದ್ದಿ ಎತ್ತುತ್ತಿರಲಿಲ್ಲ.

ಮಳೆ ಶುರುವಾದ ಮೇಲೆ ಒಂದು ದಿನ ಹೇಳದೆ ಕೇಳದೆ ಕಾರ್ಖಾನೆಗೆ ಬಂದ. ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದೆ, ಹಾಗೇ ಈ ಕಡೆ ಬಂದೆ ಎಂದ. ಕಡೇಚೂರು ಮಠದ ದಾರಿಯಲ್ಲಿ ಸಿಗುವ ಊರಲ್ಲ. ಚೀಲದಿಂದ ತನ್ನ ಅಂಗಡಿಯ ಒಂದು ತುಂಡು ತೆಗೆದು ನನ್ನ ಮೇಜಿನ ಮೇಲಿಟ್ಟ. ಹತ್ತಿ ಕೂಡಿದ್ದೆಂದು ತಾನು ಬಹಳ ಕಾಲದಿಂದ ಮಾರುತ್ತಿದ್ದ ಬಟ್ಟೆ.

"ಇದರಾಗ ಏನದ ನೋಡಿ ಹೇಳು," ಎಂದ.

ಪರೀಕ್ಷೆ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದ. ಮೊದಲ ಆಸಿಡ್‌ಗೇ ನೂಲಿನ ದೊಡ್ಡ ಪಾಲು, ಅಂದರೆ ರೇಯಾನ್, ಕರಗಿ ಹೋಯಿತು. ಉಳಿದ ಹತ್ತಿ ಅಷ್ಟಕ್ಕಷ್ಟೇ. ಅಪ್ಪ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

"ಇಷ್ಟು ವರ್ಷ ಮಂದಿಗಿ ಹತ್ತಿ ಅಂತ ಕೊಟ್ಟೀನಿ," ಎಂದ. ಲೋಟ ಕೆಳಗಿಟ್ಟು, "ಯಾರೂ ತಿರುಗಿ ತಂದು ಕೊಟ್ಟಿಲ್ಲ ಬಿಡು," ಎಂದು ಸೇರಿಸಿದ.

ಆ ಬಟ್ಟೆಯನ್ನು ಅಪ್ಪ ಈಗಲೂ ಮಾರುತ್ತಾನೆ. ಕೇಳಿದವರಿಗೆ ರೇಯಾನ್ ಎಂದು ಹೇಳುತ್ತಾನೆ. ರೇಯಾನ್ ಎಂದ ಕೂಡಲೇ ಕೆಲವರು ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಅದೇ ಬಟ್ಟೆಯನ್ನು ಹತ್ತಿ ಎಂದು ಕೊಳ್ಳುತ್ತಾರೆ. ಅಮ್ಮನಿಗೆ ಇದು ಸರಿಬರುವುದಿಲ್ಲ. ನನಗೆ ಫೋನ್ ಮಾಡಿ, ಮೊದಲಿನ್ಹಂಗ ಹತ್ತಿ ಅಂತ ಮಾರು ಅಂತ ನಿಮ್ಮಪ್ಪಗ ನೀನೇ ಹೇಳು ಎನ್ನುತ್ತಾಳೆ. ನಾನು ಇನ್ನೂ ಹೇಳಿಲ್ಲ.