ಹಳೆಯ ಬದುವಿನಲ್ಲಿ ಮೂರು ಮೊಟ್ಟೆ

ಡೀಲಿಯಾ ಕಾಂಡನ್ ಮದುವೆಯಾಗಿ ಲಿಮರಿಕ್ ಸೀಮೆಯ ಆ ಮನೆಗೆ ಬಂದ ದಿನವೇ ಅತ್ತೆ ಅವಳನ್ನು ಹೊಲದ ಅಂಚಿಗೆ ಕರೆದೊಯ್ದು ಬದುವನ್ನು ತೋರಿಸಿದ್ದಳು. ಆಳೆತ್ತರದ ಮಣ್ಣಿನ ಬದು, ನೆತ್ತಿಯ ಮೇಲೆ ಮುಳ್ಳುಗಿಡ. ಯಾವ ಕಾಲದವರು ಕಟ್ಟಿದರೋ ಯಾರೂ ಅರಿಯರು.

"ಇದಕ್ಕೆ ಗುದ್ದಲಿ ಹಾಕ್ಬೇಡ. ಇಲ್ಲಿ ಏನಾದ್ರೂ ಸಿಕ್ಕಿದ್ರೆ ಬರಿಗೈಲಿ ಮುಟ್ಬೇಡ" ಎಂದಿದ್ದಳು ಅತ್ತೆ. ಮೂವತ್ತು ವರ್ಷ ಡೀಲಿಯಾ ಆ ಬದುವಿನ ಮೇಲೆ ಒಂದು ಒದ್ದೆ ಬಟ್ಟೆಯನ್ನು ಕೂಡ ಹರವಲಿಲ್ಲ.

ಆ ವರ್ಷ ಮೇ ಒಂದರ ಬೆಳಿಗ್ಗೆ ಹಸುವನ್ನು ಕರೆತರಲು ಹೋದವಳಿಗೆ ಮುಳ್ಳುಗಿಡದ ಬೇರಿನಡಿ ಮೂರು ಮೊಟ್ಟೆಗಳು ಕಂಡವು. ಆಗದವರು ಹೊಲದ ಬದುವಿನಲ್ಲಿ ಮೊಟ್ಟೆ ಹುದುಗಿಸಿಟ್ಟರೆ, ಅದು ಕೊಳೆತ ಹಾಗೆಲ್ಲ ಈ ಮನೆಯ ಹಾಲು ಬತ್ತಿ ಇಟ್ಟವರ ಮನೆಗೆ ಹೋಗುತ್ತದೆ ಎಂಬುದು ಅಲ್ಲಿ ಎಲ್ಲರೂ ಬಲ್ಲ ಮಾತು. ಅವಳಿಗಿದ್ದುದು ಒಂದೇ ಹಸು, ಕರು ಹಾಕಿ ಮೂರು ವಾರವಾಗಿತ್ತು. ಬದುವಿನ ಆಚೆಯ ಹೊಲ-ಮನೆ ಜೊಹಾನಾ ಹೆನೆಬ್ರಿಯದು. ಅವಳ ಹಸುವಿನ ಹಾಲು ಚಳಿಗಾಲದಲ್ಲೇ ಬತ್ತಿತ್ತು.

ಡೀಲಿಯಾ ಒಲೆಯ ಇಕ್ಕಳ ತಂದು, ಮೊಟ್ಟೆಗಳನ್ನು ಹಿಡಿದೆತ್ತಿ ಹುಲ್ಲಿನ ಬೆಂಕಿಗೆ ಹಾಕಿದಳು. ಅವು ಫಟ್ಟನೆ ಸಿಡಿದಾಗ ಚೀರಿಬಿಟ್ಟಳು.

"ನಮ್ಮ ಕೋಳೀನೇ ಇಟ್ಟಿರ್ಬೇಕು ಕಣೇ" ಎಂದ ಗಂಡ ಮರ್ಟ್.

"ನಮ್ಮ ಕೋಳಿ ಗೂಡು ಬಿಟ್ಟು ಎಲ್ಲೂ ಹೋಗಲ್ಲ!"

"ನಾನು ಹೆಂಡದಂಗಡಿಗೆ ಹೋಗಲ್ಲ ಅಂತಾನೂ ನಂಬಿದ್ದೆ ನೀನು."

ಹಾಗೆಂದವನು ಕೂಡ ಹೊರಡುವಾಗ ಬದುವಿನಿಂದ ನಾಲ್ಕು ಹೆಜ್ಜೆ ದೂರವೇ ನಡೆದ. ಡೀಲಿಯಾ ಹಾಲು ಕರೆಯಲು ಕೂತರೆ ಕಣ್ಣು ಬದುವಿನ ಕಡೆಗೇ ಹೋಗುತ್ತಿತ್ತು. ಹಾಲು ಕಡಿಮೆಯೇ ಬಂದಿತು. ಅವಳ ಭಯ ಇಮ್ಮಡಿಯಾಯಿತು.

ಮಧ್ಯಾಹ್ನ ಜೊಹಾನಾ ಹೂಜಿ ಹಿಡಿದು ಬಾಗಿಲಿಗೆ ಬಂದಳು. "ಡೀಲಿಯಾ, ಒಂಚೂರು ಹಾಲು ಕೊಡೇ. ಮಗಳ ಎದೆಹಾಲು ಸಾಲ್ತಿಲ್ಲ, ಮಗು ಬೆಳಗಿಂದ ಅಳ್ತಿದೆ."

ಮೇ ಒಂದರಂದು ಮನೆಯಿಂದ ಹಾಲು ಹೊರಗೆ ಹೋದರೆ ಮನೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ. ಡೀಲಿಯಾ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೇ ಬೇಕಾಯ್ತಾ ನಿಂಗೆ?"

"ಹಸಿದ ಮಗೂಗೆ ತಾರೀಖು ಗೊತ್ತಾಗುತ್ತೇನೇ?"

"ಇಲ್ಲ, ಹೋಗು."

ಜೊಹಾನಾಳ ಮುಖ ಕಪ್ಪಿಟ್ಟಿತು. ಬರಿಯ ಹೂಜಿಯೊಂದಿಗೆ ಹಿಂದಿರುಗಿದಳು.

ಸಂಜೆಗೆ ಮುಂಚೆ ಬದುವಿನ ಕಡೆಯಿಂದ ಕೊಕ್ಕೋ ಎಂಬ ಸದ್ದು ಕೇಳಿಸಿತು. ಡೀಲಿಯಾ ಹೋಗಿ ನೋಡಿದಳು. ಅದೇ ಬೇರಿನಡಿಯಿಂದ ಅವಳದೇ ಬಾಲಮುರುಕ ಕಂದು ಕೋಳಿ ಹೊರಬಂದಿತು. ಅಲ್ಲಿ ಒಂದು ಮೊಟ್ಟೆ ಇತ್ತು. ಕೈಗೆತ್ತಿಕೊಂಡಾಗ ಇನ್ನೂ ಬೆಚ್ಚಗಿತ್ತು. ಬರಿಗೈಯಲ್ಲಿ ಮುಟ್ಟಿದೆನೆಂಬುದು ಆಮೇಲೆ ನೆನಪಾಯಿತು.

ಆದರೂ ಭಯ ಹೋಗಲಿಲ್ಲ. ಬೆಳಗಿನ ಮೂರು ಬೇರೆಯವರವೇ ಆಗಿದ್ದರೆ? ಆಚೆಯಿಂದ ಮಗುವಿನ ಅಳು ಬರುತ್ತಲೇ ಇತ್ತು, ಈಗ ಬಹಳ ಕ್ಷೀಣವಾಗಿ.

ಅವಳು ತಂಬಿಗೆಯ ತುಂಬ ಹಾಲು ತೆಗೆದುಕೊಂಡು, ಹಾಲಿನ ಹಿಂದೆ ಭಾಗ್ಯ ಹೋಗದಿರಲೆಂದು ಅತ್ತೆ ಹೇಳಿಕೊಟ್ಟ ಪರಿಹಾರದಂತೆ ಒಂದು ಚಿಟಿಕೆ ಉಪ್ಪು ಉದುರಿಸಿ, ಬದುವಿನ ಸಂದಿಯಿಂದ ಆಚೆ ದಾಟಿದಳು.

ಜೊಹಾನಾ ತಂಬಿಗೆ ತೆಗೆದುಕೊಂಡು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು.

"ಉಪ್ಪು ಹಾಕಿದೀಯಾ?"

"ಹೂಂ... ಒಂದೇ ಚಿಟಿಕೆ."

"ಹಾಕ್ದೇ ತಂದಿದ್ರೆ ನಾನೇ ವಾಪಸ್ ಕಳಿಸ್ತಿದ್ದೆ. ನಾಳೆ ನಿನ್ನ ಹಸೂಗೆ ಏನಾದ್ರೂ ಆಗಿ, ಆ ಮಾತು ನನ್ನ ತಲೇಗೆ ಬರೋದು ಬೇಡಮ್ಮ" ಎಂದಳು ಜೊಹಾನಾ. "ಬಾಗಿಲಲ್ಲಿ ನಿಲ್ಬೇಡ, ಒಳಗೆ ಬಾ."