ಶಾಂತವ್ವನ ಸಹಿ

ಕೊರೊನಾ ಕಾಟ ಮುಗಿದ ಮರುವರ್ಷ. ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇತ್ತು. ಪ್ರಕೃತಿ ಚಿಕಿತ್ಸೆ ಓದಿದ ವೈದ್ಯ ನಾನು. ಆಕ್ಯುಪಂಕ್ಚರ್ ನನ್ನ ಮುಖ್ಯ ಕೆಲಸ. ಕೂದಲಿಗಿಂತ ತುಸುವೇ ದಪ್ಪನೆಯ ಸೂಜಿಗಳನ್ನು ಮೈಯ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ತೆಗೆಯುವ ಚಿಕಿತ್ಸೆ ಅದು. ಚುಚ್ಚುವುದು ಸುಲಭ, ರೋಗಿಯನ್ನು ಒಪ್ಪಿಸುವುದೇ ಕಷ್ಟ. ಸೂಜಿ ಎಂದೊಡನೆ ಎಷ್ಟೋ ಜನ ಚಪ್ಪಲಿ ಹುಡುಕುತ್ತಿದ್ದರು.

ಶಾಂತವ್ವ ಬಂದದ್ದು ಕತ್ತು, ಭುಜದ ನೋವಿಗೆ. ಬಾಗಲಕೋಟೆ ಕಡೆಯವರು, ಸ್ವಿಚ್ ತಯಾರಿಸುವ ಕಾರ್ಖಾನೆಯಲ್ಲಿ ದಿನವಿಡೀ ಸಣ್ಣ ಸ್ಕ್ರೂ ಕೂರಿಸುವ ಕೆಲಸ. "ಈ ಕೈಮ್ಯಾಲನ ನಮ್ಮ ಮನಿ ನಡೀತೈತ್ರಿ ಸರ್, ಹ್ಯಾಂಗರ ಮಾಡಿ ನೆಟ್ಟಗ ಮಾಡ್ರಿ" ಎಂದರು. ಹತ್ತು ಸಲ ಬರಲು ಹೇಳಿದೆ. ಭುಜದ ಜೊತೆಗೆ ಮಣಿಕಟ್ಟಿನ ಮೇಲಿನ ಒಂದು ಬಿಂದುವಿಗೂ ಸೂಜಿ ಹಾಕುತ್ತಿದ್ದೆ. ಅವರು ಅಲುಗುತ್ತಿರಲಿಲ್ಲ, ಉಸಿರೆತ್ತುತ್ತಿರಲಿಲ್ಲ.

ನಾಲ್ಕನೇ ಸಲ ಬಂದಾಗ ಪಕ್ಕದ ಮಂಚದಲ್ಲಿ ಸ್ಥಳೀಯರಾದ ಗೌಡರೊಬ್ಬರಿದ್ದರು. ನಾನು ಸೂಜಿಯ ಪೊಟ್ಟಣ ಹರಿಯುತ್ತಲೇ ಎದ್ದು ಕೂತರು. "ಅಯ್ಯಯ್ಯೋ ಬ್ಯಾಡಿ ಸಾರ್! ಇಂಗೆಲ್ಲಾ ಚುಚ್ಚೋದಾದ್ರೆ ನಾನು ಮನೆಗ್ ಓಯ್ತೀನಿ. ಮುಲಾಮು ಇದ್ರೆ ಕೊಟ್ಬಿಡಿ."

ನಾನು ಶಾಂತವ್ವನ ಕಡೆ ಕೈ ತೋರಿಸಿದೆ. "ಆಯಮ್ಮನ್ನ ನೋಡಿ ಗೌಡ್ರೇ, ಕಣ್ಣು ಕೂಡ ಮಿಟುಕಿಸಲ್ಲ. ಇಷ್ಟು ದೊಡ್ಡ ಆಳು ನೀವು, ನಾಚ್ಕೆ ಆಗಲ್ವಾ?"

ಎಲ್ಲರೂ ನಕ್ಕರು, ಗೌಡರೂ ನಕ್ಕು ಮಲಗಿದರು. ಅವತ್ತಿನಿಂದ ಶಾಂತವ್ವ ನನ್ನ ಜಾಹೀರಾತಾದರು. ಹೆದರುವ ಹೊಸಬರನ್ನು ಬೇಕೆಂದೇ ಅವರ ಪಕ್ಕದ ಮಂಚಕ್ಕೆ ಹಾಕಿ ಅದೇ ಮಾತು ಹೇಳುತ್ತಿದ್ದೆ. ಬಹಳ ಜಾಣ ನಾನು!

ಪ್ರತಿ ರೋಗಿಗೂ ಒಂದು ಹಾಳೆ, ಪ್ರತಿ ಸಲವೂ ಅದರಲ್ಲಿ ಒಂದು ಸಾಲು ತುಂಬಬೇಕಿತ್ತು. 'ಚಿಕಿತ್ಸೆಯ ವೇಳೆ ನೋವು ಅಥವಾ ತೊಂದರೆ' ಎಂಬ ಕಾಲಂಗೆ ರೋಗಿಯನ್ನು ಕೇಳಿಯೇ ಬರೆಯಬೇಕು, ಪಕ್ಕದಲ್ಲಿ ಅವರ ಸಹಿ. ಶಾಂತವ್ವನನ್ನು ಕೇಳುವುದೇನಿದೆ? ನಾನೇ 'ಇಲ್ಲ' ಎಂದು ಗೀಚಿ ಹಾಳೆ ಚಾಚುತ್ತಿದ್ದೆ. ಅವರು ಸಹಿ ಕಲಿತದ್ದು ಮಹಿಳಾ ಸಂಘದಲ್ಲಿ. ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆಯುತ್ತಿದ್ದರು.

ಎಂಟನೇ ಸಲ 'ಇಲ್ಲ' ಬರೆದು ಚಾಚಿದಾಗ ಅವರು ಪೆನ್ನು ಮುಟ್ಟಲಿಲ್ಲ. "ಸರ್, ಇವತ್ತ ಹೆಬ್ಬೆಟ್ಟು ಒತ್ತಿದ್ರ ನಡೀತೈತೇನ್ರಿ?"

"ಯಾಕ್ರೀ, ಸೈನ್ ಬರುತ್ತಲ್ಲ ನಿಮಗೆ?"

ಅವರು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನನಗೆ ಏನೋ ಸರಿ ಕಾಣಲಿಲ್ಲ. ಕಣ್ಣು ಮುಚ್ಚಲು ಹೇಳಿ ಹತ್ತಿಯಿಂದ ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಸವರಿದೆ. "ಮುಟ್ಟೀರೇನ್ರಿ?" ಎಂದು ಕೇಳಿದರು. ಸವರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮಣಿಕಟ್ಟಿನಲ್ಲಿ ನಾನು ಚುಚ್ಚುತ್ತಿದ್ದ ಬಿಂದುವಿನ ಕೆಳಗೇ ಈ ಬೆರಳುಗಳಿಗೆ ಹೋಗುವ ನರವಿದೆ. ಸೂಜಿ ಅದಕ್ಕೆ ತಾಗಿದರೆ ಬೆರಳ ತುದಿಯವರೆಗೆ ಕರೆಂಟ್ ಹೊಡೆದಂತಾಗುತ್ತದೆ. ರೋಗಿ ಕೂಡಲೇ ಹೇಳಬೇಕು, ವೈದ್ಯ ಕೂಡಲೇ ಸೂಜಿ ತೆಗೆಯಬೇಕು.

"ಚುಚ್ಚಿದಾಗ ಕರೆಂಟ್ ಹೊಡೆದಂಗೆ ಆಗಿತ್ತಾ?"

"ಆಗಿತ್ರಿ. ಮೂರು ಸಲ."

"ಮತ್ತೆ ಬಾಯಿಬಿಟ್ಟು ಹೇಳೋದಲ್ವೇನ್ರೀ?" ಎಂದು ರೇಗಿದೆ. ಆ ಹೊತ್ತಿನಲ್ಲೂ ಸಿಟ್ಟು ಅವರ ಮೇಲೆಯೇ!

"ಎಲ್ಲಾರ ಮುಂದ ಅಷ್ಟು ಹೊಗಳಿದ್ರಿ. ನಾ ಒದರಿದ್ರ ಅವ್ರೆಲ್ಲ ಎದ್ದು ಹೋಗತಿದ್ರು. ನಿಮ್ಮ ಮಾನ ಹೋಗಬಾರದಂತ ಹಲ್ಲು ಕಚ್ಚಿ ಸುಮ್ನಿದ್ದೆರಿ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ವಾರದಿಂದ ಸ್ಕ್ರೂಗಳು ಬೆರಳಿನಿಂದ ಜಾರುತ್ತಿವೆ, ಹೀಗೇ ಆದರೆ ಬೇರೆ ಕಡೆ ಕೆಲಸ ನೋಡಿಕೋ ಎಂದು ಸೂಪರ್‌ವೈಸರ್ ಹೇಳಿದ್ದಾರೆ ಎಂಬುದನ್ನೂ ಅವರು ಆಗಲೇ ಹೇಳಿದ್ದು.

ನರರೋಗ ತಜ್ಞರಿಗೆ ಪತ್ರ ಬರೆಯಲು ಕೂತೆ. ಎರಡು ಸಲ ಬರೆದು ಹರಿದೆ. ಎರಡರಲ್ಲೂ ರೋಗಿ ತಿಳಿಸಲಿಲ್ಲ ಎಂದೇ ಶುರು ಮಾಡಿದ್ದೆ. ಮೂರನೆಯದರಲ್ಲಿ ನಾನು ಕೇಳಲಿಲ್ಲ ಎಂದು ಬರೆದೆ. ನರ ತುಂಡಾಗಿಲ್ಲ, ಪೆಟ್ಟಾಗಿದೆ, ನಿಧಾನವಾಗಿ ಸರಿಹೋಗಬಹುದು ಎಂದರು ತಜ್ಞರು. ಕಾರ್ಖಾನೆಗೆ ನಾನೇ ಹೋಗಿ ತಪ್ಪು ನನ್ನದೆಂದು ಹೇಳಿ ಕೈಮುಗಿದೆ. ಸೂಪರ್‌ವೈಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಶಾಂತವ್ವನನ್ನು ಪ್ಯಾಕಿಂಗ್‌ಗೆ ಹಾಕಲು ಒಪ್ಪಿದರು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಶಾಂತವ್ವ ಬಂದರು. ಮತ್ತೆ ಸ್ಕ್ರೂ ಕೆಲಸಕ್ಕೆ ಹಾಕಿದ್ದಾರಂತೆ. "ಅವತ್ತ ಸಹಿ ಉಳಿದಿತ್ತಲ್ರಿ, ತಗೀರಿ ಹಾಳಿ" ಎಂದರು. ತೆಗೆದುಕೊಟ್ಟೆ. ತುಟಿ ಕಚ್ಚಿಕೊಂಡು ಎಂಟನೇ ಸಾಲಿನಲ್ಲಿ ಹೆಸರು ಬರೆದರು. ಅಕ್ಷರ ತುಸು ಸೊಟ್ಟ, ಆದರೆ ಪೂರ್ತಿ. ನನ್ನ ಕಣ್ಣು ತುಂಬಿ ಬಂತು.

"ಕತ್ತುನೋವು ಇನ್ನೂ ಇದೆಯಾ? ಬೇರೆ ಕಡೆ ಸೂಜಿ ಹಾಕಬಹುದು" ಎಂದೆ.

"ಬ್ಯಾಡ್ರಿ ಸರ್. ನನಗ ಸೂಜಿ ಅಂದ್ರ ಬಾಳ ಅಂಜಿಕಿ."

"ಈ ಕೈ ಹೀಗಾದ ಮೇಲಾ?"

"ಇಲ್ರಿ, ಮೊದಲನೇ ದಿನದಿಂದನೂ."

ಈಗ ನನ್ನ ಮಂಚಗಳ ನಡುವೆ ಪರದೆಗಳಿವೆ. ಚುಚ್ಚುವ ಮುಂಚೆ ಕೇಳುತ್ತೇನೆ, ಚುಚ್ಚಿದ ಮೇಲೂ ಕೇಳುತ್ತೇನೆ, ಉತ್ತರ ಬರುವವರೆಗೆ ಕಾಯುತ್ತೇನೆ. ಸುಮ್ಮನೆ ಮಲಗಿದವರು ಒಪ್ಪಿದ್ದಾರೆ ಎಂದುಕೊಳ್ಳುವ ಧೈರ್ಯ ಮತ್ತೆ ಬಂದಿಲ್ಲ. ಆ ಹಾಳೆಯನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಶಾಂತವ್ವನ ಎಂಟು ಸಹಿಗಳಿವೆ, ಪಕ್ಕದಲ್ಲಿ ಎಂಟು 'ಇಲ್ಲ'ಗಳಿವೆ. ಎಂಟೂ ನನ್ನ ಕೈಬರಹ.