ಕಡೂರಿನ ಚರ್ಚಿನ ಸೂರು

ಕಡೂರಿನಲ್ಲಿ ತರೀಕೆರೆ ಬಸ್ಸು ತಪ್ಪಿದ್ದರಿಂದ ಹಳೆಯ ಚರ್ಚಿನತ್ತ ನಡೆದೆ. ಭಾನುವಾರದ ಪೂಜೆ ಆಗಷ್ಟೇ ಮುಗಿದಿತ್ತು. ಚಾಪೆಗಳೆಲ್ಲ ಹೊರಗೆ ಹೊಂಗೆ ಮರದ ಕೆಳಗಿದ್ದವು. ಅವನ್ನು ಸುತ್ತುತ್ತಿದ್ದ ಆರೋಗ್ಯಮ್ಮ ಎಂಬ ಮುದುಕಿಯನ್ನು ಕಾರಣ ಕೇಳಿದೆ.

“ಒಳಗೆ ಒಲೆ ಮುಂದೆ ಕೂತಂಗಾಯ್ತದೆ ಕಣಪ್ಪ. ಮೊದ್ಲು ಎತ್ತರದ ಹೆಂಚಿನ ಸೂರು, ಮೇಲ್ಗಡೆ ಗಾಳಿಕಿಂಡಿ ಇತ್ತು. ಬ್ಯಾಸ್ಗೇಲೂ ತಣ್ಣಗಿರೋದು. ತಾರಸಿ ಹಾಕಿದ್ಮೇಲೆ ಫಾದರ್ರೂ ಆಚೆಗೆ ಬಂದ್ಬಿಟ್ರು.”

ಗಾರೆಯ ಗೋಡೆ, ಕಮಾನಿನ ಕಿಟಕಿಗಳು ಹಾಗೇ ಇದ್ದವು. ಮೇಲೆ ಮಾತ್ರ ಚಪ್ಪಟೆ ತಾರಸಿ. “ಹಳೇ ಸೂರು ತೆಗೀರಿ ಅಂದವರು ಯಾರು?” ಎಂದೆ. ಉತ್ತರ ನನಗೆ ಗೊತ್ತಿತ್ತು.

“ಯಾರೋ ಇಂಜಿನಿಯರ್ ಬಂದಿದ್ರು. ತೊಲೆಗೆ ಗೆದ್ಲು ಹಿಡಿದದೆ ಅಂತ ಕೆಳಗ್ ನಿಂತೇ ಹೇಳಿದ್ರು. ಬಿಚ್ಚಿ ನೋಡಿದ್ರೆ ಒಂದ್ ತೊಲೇಲೂ ಗೆದ್ಲಿಲ್ಲ. ಓದಿದೋರು, ನಮಗೆ ಕಾಣದ್ದು ಅವರಿಗೆ ಕಂಡಿರ್ತದೆ ಬಿಡಪ್ಪ.”

ಗೆದ್ದಲು ಇರಲೇ ಇಲ್ಲವೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಹಾಗೆ ಕೆಳಗೆ ನಿಂತವನು ನಾನೇ. ಅಂದು ಬಸ್ಸಿಗೆ ಹೊತ್ತಾಗುತ್ತದೆಂದು ಏಣಿ ತರಿಸಿರಲಿಲ್ಲ.

ಆಕೆಗೆ ನನ್ನ ಗುರುತು ಹತ್ತಲಿಲ್ಲ. ಉಳಿದ ಚಾಪೆಯ ತುದಿ ಹಿಡಿದು ಸುತ್ತಿಕೊಟ್ಟೆ.

“ದೇವ್ರು ಒಳ್ಳೇದ್ ಮಾಡ್ಲಿ. ಬಸ್ ಬರೋಗಂಟ ಇಲ್ಲೇ ನೆಳ್ಳಲ್ಲಿ ಕೂತ್ಕೊಳಪ್ಪ,” ಎಂದರು. “ಒಳಗ್ ಹೋದ್ರೆ ಬೆಂದೋಯ್ತೀಯ.”